ಪಿಲ್ಲಗುಂಪೆಯ ದಾರಿಯಿಂದ ಕಂಡ ಶೀಲಾ ಗೌಡರ ಕಲೆ

ಬೆಂಗಳೂರಿನಿಂದ ಮೂಡಲಿಗೆ ಹೊರಟು, ಹಳೆಯ ಮದರಾಸು ರಸ್ತೆಯನ್ನು ಹಿಡಿದು ಹೊಸಕೋಟೆಯನ್ನು ಸಮೀಪಿಸುವ ಪಥಿಕನಿಗೆ, ಹಿಂದೊಂದು ಕಾಲದಲ್ಲಿ ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ನೀಲಗಿರಿಯ ತೋಪುಗಳೂ ಹಬ್ಬಿಕೊಂಡಿದ್ದ ನೆಲದ ಮೇಲೆ ಇಂದು ಎದುರಾಗುವುದು ಎತ್ತರವಾದ ತಗಡಿನ ಷೆಡ್ಡುಗಳ ಸಾಲು. ಹಳ್ಳಿಯಾಗಿದ್ದಾಗಿನ ತನ್ನ ಹೆಸರನ್ನು ಕೈಗಾರಿಕಾ ಪ್ರದೇಶವೊಂದಕ್ಕೆ ಧಾರೆಯೆರೆದುಕೊಟ್ಟ ಪಿಲ್ಲಗುಂಪೆ ಈ ಸೀಮೆಯದು. ಇಲ್ಲಿಯ ಹೆದ್ದಾರಿ ಕೋಲಾರ, ಮುಳಬಾಗಿಲುಗಳನ್ನು ದಾಟಿ ತಿರುಪತಿಯ ಯಾತ್ರಿಕರನ್ನು ಒಯ್ಯುವುದು. ಅದೇ ಹೆದ್ದಾರಿ ಮದರಾಸಿನ ಬಂದರಿನ ಸರಕನ್ನು ತರುವುದು. ಭಕ್ತಿಯೂ ವ್ಯಾಪಾರವೂ ಒಂದೇ ಡಾಂಬರಿನ ಮೇಲೆ ಸಾಗುವ ಇಂತಹ ಹಾದಿಯ ಅಂಚಿನಲ್ಲಿ ನಿಂತು ವಾಹನಗಳ ಮುಂಭಾಗವನ್ನು ಗಮನಿಸಿದವರಿಗೆ, ಅಲ್ಲಲ್ಲಿ ಬಂಪರಿಗೆ ಸುತ್ತಿದ ಕರಿಯ ಕೂದಲ ಹಗ್ಗ ಕಾಣದಿರದು. ದೃಷ್ಟಿ ತಾಗದಿರಲೆಂದು, ಅಪಘಾತ ದೂರವಾಗಲೆಂದು ಚಾಲಕರು ಕಟ್ಟಿಕೊಳ್ಳುವ ರಕ್ಷೆ ಅದು. ದಿನವೂ ಅದನ್ನು ನೋಡುವ ನಾವು ನೋಡಿದೆವೆಂಬ ಎಚ್ಚರವೂ ಇಲ್ಲದೆ ಮುಂದೆ ಸಾಗುತ್ತೇವೆ.

ಆ ಕೂದಲ ಹಗ್ಗವನ್ನೂ, ರಸ್ತೆಯ ಬದಿಯಲ್ಲಿ ಉರುಳಿಬಿದ್ದ ಡಾಂಬರಿನ ಡ್ರಮ್ಮನ್ನೂ, ಗಾರೆ ಕೆಲಸದವರ ತಲೆಯ ಮೇಲಿನ ಬಾಂಡ್ಲಿಯನ್ನೂ ಎಚ್ಚರದಿಂದ ನೋಡಿ, ಅವುಗಳಿಂದಲೇ ತಮ್ಮ ಕಲೆಯ ಭಾಷೆಯನ್ನು ಕಟ್ಟಿಕೊಂಡವರು ಶೀಲಾ ಗೌಡ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ, ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿರುವ ಈ ಕಲಾವಿದೆಯ ಹೆಸರು ವೆನಿಸ್, ಕಾಸೆಲ್, ಲಂಡನ್, ಮ್ಯೂನಿಕ್ ನಗರಗಳ ಕಲಾಸಕ್ತರಿಗೆ ಎಷ್ಟು ಪರಿಚಿತವೋ, ಅವರ ಕಲೆಗೆ ಸಾಮಗ್ರಿಯನ್ನೊದಗಿಸಿದ ನಮ್ಮ ಹೆದ್ದಾರಿಗಳ ಇಕ್ಕೆಲದ ಜನಕ್ಕೆ ಅಷ್ಟು ಪರಿಚಿತವಲ್ಲ. ಈ ಅಂತರವು ನನ್ನ ಮನಸ್ಸನ್ನು ಬಹುಕಾಲದಿಂದ ಕಾಡಿದೆ. ಅವರ ಕೃತಿಗಳನ್ನು ಓದಲು ಬೇಕಾದ ಅಕ್ಷರಾಭ್ಯಾಸ ಮಿಲಾನಿನ ಪ್ರೇಕ್ಷಕನಿಗಿಂತ ಪಿಲ್ಲಗುಂಪೆಯ ಕಾರ್ಮಿಕನಿಗೆ ಮೊದಲೇ ಆಗಿದೆ ಎಂಬುದು ನನ್ನ ನಂಬಿಕೆ.

ಮಿಲಾನಿನ ಹೆಸರನ್ನೆತ್ತಲು ಕಾರಣವುಂಟು. 2019ರ ವಸಂತ ಮತ್ತು ಬೇಸಗೆಯಲ್ಲಿ ಆ ನಗರದ ಪಿರೆಲ್ಲಿ ಹ್ಯಾಂಗರ್‌ಬಿಕೋಕ್ಕಾ ಎಂಬ ಕಲಾಮಂದಿರದಲ್ಲಿ ‘ರಿಮೇನ್ಸ್’ ಎಂಬ ಹೆಸರಿನಿಂದ ಶೀಲಾ ಗೌಡರ ಏಕವ್ಯಕ್ತಿ ಪ್ರದರ್ಶನವೊಂದು ನಡೆಯಿತು. ಸುಮಾರು ಕಾಲು ಶತಮಾನದ ಅವರ ಸಾಧನೆಯನ್ನು ಒಂದೇ ಸೂರಿನಡಿ ನೋಡಲು ಅವಕಾಶವಿತ್ತ ಪ್ರದರ್ಶನವದು. ಬಿಕೋಕ್ಕಾ ಎಂಬುದು ಮಿಲಾನಿನ ಹಳೆಯ ಕೈಗಾರಿಕಾ ವಲಯ. ಪಿರೆಲ್ಲಿಯ ಟಯರುಗಳು ಅಲ್ಲಿ ತಯಾರಾಗುತ್ತಿದ್ದುವು. ಕಲಾಮಂದಿರವಿರುವ ಕಟ್ಟಡವಾದರೋ ರೈಲ್ವೆ ಎಂಜಿನುಗಳನ್ನು ತಯಾರಿಸುತ್ತಿದ್ದ ಬ್ರೆಡಾ ಕಾರ್ಖಾನೆಯ ಭಾಗವಾಗಿದ್ದಿತು. ಯಂತ್ರಗಳ ಸದ್ದಡಗಿದ ಬಳಿಕ, 2004ರಲ್ಲಿ, ಆ ವಿಶಾಲವಾದ ಷೆಡ್ಡು ಕಲೆಗೆ ತೆರೆದುಕೊಂಡಿತು. ಒಂದು ಕಾರ್ಖಾನೆಯ ಗರ್ಭದೊಳಗೆ, ಟಯರಿನ ವ್ಯಾಪಾರದಿಂದ ಬೆಳೆದ ಸಂಸ್ಥೆಯೊಂದರ ಆಶ್ರಯದಲ್ಲಿ, ನಮ್ಮ ರಸ್ತೆಗಳ ದ್ರವ್ಯವನ್ನೇ ಧ್ಯಾನಿಸಿದ ಕಲೆ ನಿಂತಿತೆಂಬುದು ಗಮನಾರ್ಹವಾದ ಸಂಗತಿ. ಅಂತಹ ಷೆಡ್ಡುಗಳ ನಾಡಿನಲ್ಲೇ ಬಾಳುವ ನಮಗೆ ಇದು ವಿಶೇಷವಾಗಿ ಅರ್ಥವಾಗಬೇಕು.

ಶೀಲಾ ಗೌಡರ ಬಾಲ್ಯ ಹಳ್ಳಿ ಪಟ್ಟಣಗಳೆರಡರಲ್ಲೂ ಕಳೆಯಿತು. ಜನಪದ ಗೀತೆಗಳನ್ನು ದಾಖಲಿಸುತ್ತ, ಗ್ರಾಮೀಣ ಜೀವನದ ಪರಿಕರಗಳನ್ನು ಸಂಗ್ರಹಿಸುತ್ತಿದ್ದ ತಂದೆಯ ಆಸಕ್ತಿ ಮಗಳ ಕಣ್ಣಿಗೆ ಯಾವ ಸಂಸ್ಕಾರವನ್ನು ಕೊಟ್ಟಿರಬಹುದೆಂಬುದನ್ನು ಮುಂದಿನ ಕೃತಿಗಳೇ ಹೇಳುತ್ತವೆ. ಆರ್. ಎಂ. ಹಡಪದರು ಕಟ್ಟಿ ಬೆಳೆಸಿದ ಬೆಂಗಳೂರಿನ ಕೆನ್ ಕಲಾಶಾಲೆ ಮೊದಲು, ಶಾಂತಿನಿಕೇತನದ ವಿಶ್ವಭಾರತಿ ಅನಂತರ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಕೊನೆಗೆ. ಅಲ್ಲಿಂದ 1986ರಲ್ಲಿ ಸ್ನಾತಕೋತ್ತರ ಪದವಿ. ಅದುವರೆಗೆ ಅವರು ಚಿತ್ರಗಾರ್ತಿ. ತೈಲವರ್ಣ ಅವರ ಮಾಧ್ಯಮ. ಕಲಿತದ್ದನ್ನು ಕಲಿತಂತೆಯೇ ಮುಂದುವರಿಸಿದ್ದರೆ ಸಮರ್ಥ ಚಿತ್ರಕಾರರ ಪಂಕ್ತಿಯಲ್ಲಿ ಗೌರವದ ಸ್ಥಾನವೊಂದು ಅವರಿಗೆ ಸಿಕ್ಕುತ್ತಿದ್ದಿತು.

ಆದರೆ 1992ರ ಡಿಸೆಂಬರಿನಲ್ಲಿ ನಡೆದ ಬಾಬರಿ ಮಸೀದಿಯ ಧ್ವಂಸವೂ, ಅದರ ಬೆನ್ನಲ್ಲೇ ಮುಂಬಯಿಯಲ್ಲಿ ಹೊತ್ತಿಕೊಂಡ ಗಲಭೆಗಳೂ, ಕ್ಯಾನ್ವಾಸಿನ ಮೇಲಿನ ಬಣ್ಣಕ್ಕೆ ಆ ಹಿಂಸೆಯ ಮುಂದೆ ನಿಲ್ಲುವ ಶಕ್ತಿಯುಂಟೇ ಎಂಬ ಸಂದೇಹವನ್ನು ಅನೇಕ ಕಲಾವಿದರಲ್ಲಿ ಎಬ್ಬಿಸಿದುವು. ಶೀಲಾ ಗೌಡರು ಆ ಸಂದರ್ಭದಲ್ಲಿ ಕೈಗೆತ್ತಿಕೊಂಡದ್ದು ಸಗಣಿಯನ್ನು. ಅಂಗಳವನ್ನು ಸಾರಿಸುವ, ಬೆರಣಿ ತಟ್ಟುವ, ಗೌರಿ ಗಣಪರ ಪೂಜೆಯಲ್ಲಿ ಗರಿಕೆ ಸಿಕ್ಕಿಸಿ ಬೆನಕನನ್ನು ಮಾಡುವ, ಹೆಂಗಸರ ಅಂಗೈಯ ಗುರುತನ್ನು ಹೊತ್ತು ಗೋಡೆಯ ಮೇಲೆ ಒಣಗುವ ಸಗಣಿ. ಪಾವಿತ್ರ್ಯದ ಹೆಸರಿನಲ್ಲಿ ರಾಜಕಾರಣ ತನ್ನ ಧ್ವಜಕ್ಕೂ ಬಳಿದುಕೊಳ್ಳಬಲ್ಲ ಸಗಣಿ. ಒಲೆಯಲ್ಲಿ ಉರಿದು ಬಡವರ ಅನ್ನವಾಗುವ ಸಗಣಿ. ಇಷ್ಟು ಅರ್ಥಗಳನ್ನು ಮೊದಲೇ ಹೊತ್ತಿರುವ ದ್ರವ್ಯದ ಮೇಲೆ ಕಲಾವಿದೆ ತನ್ನದೊಂದು ಅರ್ಥವನ್ನು ಹೇರುವ ಆವಶ್ಯಕತೆಯೇ ಇರಲಿಲ್ಲ. ಅದನ್ನು ಇಟ್ಟಿಗೆಯಾಗಿ ಸಾಲಾಗಿಟ್ಟರೆ ಸಾಕು, ಕುಂಕುಮ ಸೋಕಿಸಿ ಮುದ್ದೆಗಳಾಗಿ ಕಟ್ಟಿದರೆ ಸಾಕು, ವಸ್ತುವು ತಾನೇ ಮಾತನಾಡತೊಡಗುವುದು. ಇಲ್ಲಿಂದ ಮುಂದೆ ಅವರ ಕಲೆ ಚಿತ್ರವೋ ಶಿಲ್ಪವೋ ಎಂಬ ಪ್ರಶ್ನೆ ಹಿಂದೆ ಸರಿಯಿತು. ಛಾಯಾಚಿತ್ರ, ಧ್ವನಿ, ಕಟ್ಟೋಣ, ನೇಯ್ಗೆ, ಯಾವುದು ಬೇಕೋ ಅದು ಬಂದು ಸೇರಿಕೊಂಡಿತು.

1998ರ ಕೃತಿಯೊಂದು ನನಗೆ ಅತ್ಯಂತ ಪ್ರಿಯವಾದುದು. ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬುದು ಅದರ ಹೆಸರು. ದೂರದಿಂದ ನೋಡಿದವರಿಗೆ ಕಾಣುವುದು ಗೋಡೆಯಿಂದ ಗೋಡೆಗೆ ಬಳುಕುತ್ತ, ಇಳಿಯುತ್ತ, ನೆಲದ ಮೇಲೆ ಸುರುಳಿ ಸುತ್ತಿಕೊಳ್ಳುವ ರಕ್ತವರ್ಣದ ಹಗ್ಗ. ಯಾರೋ ಶೂನ್ಯದಲ್ಲೇ ರೇಖಾಚಿತ್ರವನ್ನು ಬರೆದಿದ್ದಾರೆಯೇ ಎಂಬ ಭ್ರಮೆ. ಹತ್ತಿರ ಹೋದಾಗ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲೊಂದು ತೂಗಾಡುವುದು ಕಂಡು ಕಣ್ಣು ತಡೆದು ನಿಲ್ಲುವುದು. ಒಂದೊಂದು ಸೂಜಿಯ ಕಣ್ಣಿನೊಳಗಿಂದಲೂ ಮಾರುಗಟ್ಟಲೆ ಉದ್ದದ ದಾರವನ್ನು ಕೈಯಿಂದಲೇ ಎಳೆದು, ಅಂತಹ ಅನೇಕ ದಾರಗಳನ್ನು ಒಟ್ಟುಗೂಡಿಸಿ, ಕುಂಕುಮವನ್ನೂ ಅಂಟನ್ನೂ ಸವರಿ ಬೆರಳಿನಿಂದ ನೀವಿ ನೀವಿ ಬಿಗಿದಾಗ ಆ ಹಗ್ಗವಾಯಿತು. ಸೂಜಿಯ ಕಣ್ಣಿನಲ್ಲಿ ದಾರವನ್ನು ಪೋಣಿಸಿದವರಿಗೆಲ್ಲ ಗೊತ್ತಿರುವ ಆ ಸಣ್ಣ ಶ್ರಮವನ್ನು, ಆ ಸಣ್ಣ ಬೇಸರವನ್ನು, ಬೆರಳಿಗಾಗುವ ಆ ಸಣ್ಣ ನೋವನ್ನು, ನೂರಾರು ಸಲ ಪುನರಾವರ್ತಿಸಿದಾಗ ಅದು ಸಣ್ಣದಾಗಿ ಉಳಿಯದು. ಹೆಣ್ಣಿನ ದುಡಿಮೆಯೆಂದರೆ ಇಂತಹ ಪುನರಾವೃತ್ತಿಗಳ ಮೊತ್ತ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಒಂದೇ ಅಂಗಿಯ ಒಂದೇ ತೋಳನ್ನು ದಿನವಿಡೀ ಹೊಲಿದು ಸಂಜೆಯ ಬಸ್ಸಿಗೆ ನಿಂತ ಹೆಣ್ಣುಮಗಳನ್ನು ಈ ಹಗ್ಗದ ಮುಂದೆ ನಿಲ್ಲಿಸಿದರೆ ವ್ಯಾಖ್ಯಾನಕಾರನ ನೆರವು ಆಕೆಗೆ ಬೇಕಾಗದು. ಹಗ್ಗದ ಸೊಬಗು ಮೊದಲು, ಅದರೊಳಗಿನ ಸೂಜಿ ಅನಂತರ ಕಾಣುವ ಕ್ರಮದಲ್ಲಿಯೇ ಕೃತಿಯ ಧರ್ಮವಡಗಿದೆ. ಸೌಂದರ್ಯವನ್ನು ನೋವಿನ ಮುಸುಕಾಗಿಯೂ ನೋವನ್ನು ಸೌಂದರ್ಯದ ನೆಪವಾಗಿಯೂ ಬಳಸದೆ ಎರಡನ್ನೂ ಒಂದೇ ಎಳೆಯಲ್ಲಿ ಹಿಡಿದಿಡುವುದು ಅಪೂರ್ವವಾದ ಸಂಯಮ.

ಆರಂಭದಲ್ಲಿ ಹೇಳಿದ ಕೂದಲ ಹಗ್ಗಕ್ಕೆ ಬರೋಣ. ಹರಕೆ ಹೊತ್ತವರು ದೇವರಿಗೆ ಮುಡಿ ಕೊಡುವರು. ಹಾಗೆ ಅರ್ಪಿತವಾದ ಕೇಶರಾಶಿಯಲ್ಲಿ ಉದ್ದವಾದುದು ಹರಾಜಾಗಿ ಸಮುದ್ರವನ್ನು ದಾಟಿ ಸಿರಿವಂತರ ಶಿರೋಭೂಷಣವಾಗುವುದು. ಗಿಡ್ಡವಾದುದನ್ನು ಹೆಣೆದು ಹಗ್ಗ ಮಾಡಿ ವಾಹನಗಳಿಗೆ ಕಟ್ಟುವ ರಕ್ಷೆಯಾಗಿ ಮಾರುವರು. ಒಬ್ಬನ ಕೃತಜ್ಞತೆ ಇನ್ನೊಬ್ಬನ ಭಯಕ್ಕೆ ಮದ್ದಾಗುವ ಈ ವಿಚಿತ್ರವಾದ ಸಂಚಾರದಲ್ಲಿ ಕೊಟ್ಟವರಿಗೆ ಪಡೆದವರ ಪರಿಚಯವಿಲ್ಲ. 2009ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಮೇಳಕ್ಕಾಗಿ ಶೀಲಾ ಗೌಡರು ರಚಿಸಿದ ‘ಬಿಹೋಲ್ಡ್’ ಎಂಬ ಕೃತಿಯಲ್ಲಿ ಇಂತಹ ಹಗ್ಗ ಸುಮಾರು ನಾಲ್ಕು ಕಿಲೋಮೀಟರುಗಳಷ್ಟಿದೆ. ಅದರೊಡನೆ ಇಪ್ಪತ್ತು ಕಾರುಗಳ ಬಂಪರುಗಳಿವೆ. ಮಿರುಗುವ ಉಕ್ಕಿನ ಆ ಭಾರವಾದ ತುಂಡುಗಳು ಗೋಡೆಯ ಮೇಲೆ ಕೂದಲಿನ ಹಿಡಿತದಲ್ಲಿ ತೂಗುತ್ತವೆ; ಮಿಕ್ಕ ಕೂದಲು ನೆಲದ ಮೇಲೆ ಗುಪ್ಪೆಗುಪ್ಪೆಯಾಗಿ ಒರಗಿದೆ. ರಸ್ತೆಯ ಮೇಲೆ ಬಂಪರು ಕೂದಲನ್ನು ಹೊರುವುದು. ಇಲ್ಲಿ ಕೂದಲು ಬಂಪರನ್ನು ಹೊತ್ತಿದೆ. ಈ ಒಂದು ಮಾರ್ಪಾಟಿನಿಂದ, ನಂಬಿಕೆಗೆ ಎಷ್ಟು ತೂಕವನ್ನು ಹೊರುವ ಬಲವಿದೆಯೆಂಬ ಪ್ರಶ್ನೆ ಕಣ್ಣಿಗೆ ಕಾಣುವ ವಸ್ತುವಾಗಿಬಿಡುವುದು. ಕೃತಿಯೀಗ ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿಯ ಪ್ರೇಕ್ಷಕನು ಗೋಡೆಯ ಮೇಲಿನ ಫಲಕವನ್ನೋದಿ ತಿಳಿಯಬೇಕಾದುದನ್ನು, ಹೊಸಕೋಟೆಯ ಗ್ಯಾರೇಜಿನ ಹುಡುಗನು ಆಡಿ ಬೆಳೆದ ಅಂಗಳದಲ್ಲೇ ಬಲ್ಲನು.

ಡಾಂಬರಿನ ಡ್ರಮ್ಮುಗಳ ಕಥೆ ಇನ್ನೂ ದೀರ್ಘವಾದುದು. ರಸ್ತೆ ಹಾಕುವ ಕೂಲಿಗಳು ಊರಿಂದೂರಿಗೆ ಸಾಗುತ್ತ, ಖಾಲಿಯಾದ ಡ್ರಮ್ಮುಗಳನ್ನು ಬಿಚ್ಚಿ ಬಡಿದು ತಗಡುಮಾಡಿ, ಅದರಿಂದಲೇ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ಪ್ರಯಾಣವನ್ನು ನಯಗೊಳಿಸುವವರಿಗೆ ಆ ಪ್ರಯಾಣದ ಸಿಪ್ಪೆಯೇ ಮನೆ. 2006ರ ‘ಡಾರ್ಕ್‌ರೂಮ್’ ಎಂಬ ಕೃತಿ ಹೊರಗಿನಿಂದ ಕಂಬಗಳ ಸಾಲುಳ್ಳ ಅರಮನೆಯಂತೆ ತೋರುವುದು. ಡ್ರಮ್ಮುಗಳ ಮೇಲೆ ಡ್ರಮ್ಮುಗಳನ್ನಿಟ್ಟು ನಿಲ್ಲಿಸಿದ ಸ್ತಂಭಗಳವು. ಒಳಹೋಗಬೇಕಾದವರು ಬಾಗಿಯೇ ಹೋಗಬೇಕು. ಒಳಗೆ ಕತ್ತಲೆ, ಡಾಂಬರಿನ ವಾಸನೆ. ಮೇಲೆ ನೋಡಿದರೆ ತಗಡಿನಲ್ಲಿ ಕೊರೆದ ಸಣ್ಣ ಸಣ್ಣ ರಂಧ್ರಗಳಿಂದ ಬೆಳಕು ತೂರಿ, ನಕ್ಷತ್ರಖಚಿತವಾದ ಆಕಾಶವೊಂದು ಕೈಗೆಟಕುವಷ್ಟು ಹತ್ತಿರದಲ್ಲಿ ಹರಡಿರುತ್ತದೆ. ಕೂಲಿಯವನ ಗುಡಿಸಲಿನ ತೂತುಬಿದ್ದ ಮಾಡನ್ನು ಒಳಗಿನಿಂದ ನೋಡಿದವನಿಗೆ ಮಾತ್ರ ಹೊಳೆಯಬಹುದಾದ ಕಲ್ಪನೆಯಿದು. ದಾರಿದ್ರ್ಯವನ್ನು ಇದು ರಮ್ಯಗೊಳಿಸುವುದೆಂದು ಆಕ್ಷೇಪಿಸುವವರು, ಒಳಹೊಗುವಾಗ ತಮ್ಮ ಬೆನ್ನು ಎಷ್ಟು ಬಾಗಿತೆಂಬುದನ್ನು ನೆನೆಯಬೇಕು.

ಎರಡು ವರ್ಷಗಳ ತರುವಾಯ ಬಂದ ‘ಕಾಗೆಬಂಗಾರ’ಕ್ಕೆ ಕನ್ನಡದ ಹೆಸರೇ ಇದೆ. ತಟ್ಟಿ ಹರವಿದ ಡ್ರಮ್ಮಿನ ತಗಡುಗಳು, ಹಳದಿ ನೀಲಿ ಟಾರ್ಪಾಲುಗಳು, ನಡುವೆ ಅಭ್ರಕದ ಹೊಳಪು: ದೂರದಿಂದ ಆಧುನಿಕ ಅಮೂರ್ತ ಚಿತ್ರವೆಂಬಂತೆ, ಹತ್ತಿರದಿಂದ ವಲಸೆ ಬಂದವರ ಬಿಡಾರವೆಂಬಂತೆ ತೋರುವ ಈ ಕೃತಿ, ಎರಡನ್ನೂ ಏಕಕಾಲಕ್ಕೆ ನೋಡುವ ಅಭ್ಯಾಸವನ್ನು ಕಣ್ಣಿಗೆ ಕಲಿಸುವುದು. 2017ರಲ್ಲಿ ಬರ್ಮಿಂಗ್‌ಹ್ಯಾಮಿನ ಐಕಾನ್ ಗ್ಯಾಲರಿಯಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆದ ವರ್ಷವೇ ಸಿದ್ಧವಾದ ‘ವಾಟ್ ಯೆಟ್ ರಿಮೇನ್ಸ್’ ಎಂಬ ಕೃತಿಯಲ್ಲಿ ಡ್ರಮ್ಮು ಮತ್ತೆ ಬಂದಿದೆ, ಈ ಸಲ ಬಾಂಡ್ಲಿಯ ತಾಯಿಯಾಗಿ. ಹಳೆಯ ಡ್ರಮ್ಮಿನ ತಗಡಿನಿಂದ ವೃತ್ತಾಕಾರದ ಬಿಲ್ಲೆಗಳನ್ನು ಕತ್ತರಿಸಿ, ಒತ್ತಿ, ಮಣ್ಣು ಗಾರೆಗಳನ್ನು ಹೊರುವ ಬಾಂಡ್ಲಿಗಳನ್ನು ಮಾಡುವರು. ಬಿಲ್ಲೆಗಳು ಹೋದ ಬಳಿಕ ಉಳಿಯುವುದು ದೊಡ್ಡ ದೊಡ್ಡ ವೃತ್ತಾಕಾರದ ಶೂನ್ಯಗಳುಳ್ಳ ತಗಡು. ಆ ಬಾಂಡ್ಲಿಗಳನ್ನೂ ಆ ಉಳಿಕೆಯನ್ನೂ ಕಲಾವಿದೆ ಜೊತೆಜೊತೆಗೇ ನಿಲ್ಲಿಸಿದ್ದಾರೆ. ಪಿಲ್ಲಗುಂಪೆಯಂತಹ ಪ್ರದೇಶದಲ್ಲಿ ಗುಜರಿಯವನ ಗಾಡಿಯಲ್ಲಿ ಇಂತಹ ರಂಧ್ರಮಯವಾದ ತಗಡುಗಳು ಸಾಗುವುದು ನಿತ್ಯದ ನೋಟ. ಪದಾರ್ಥವು ಹೊರಟುಹೋದ ಮೇಲೆ ಅದರ ಆಕಾರವಷ್ಟೇ ಗೈರುಹಾಜರಿಯಾಗಿ ಉಳಿಯುವ ಆ ನೋಟದಲ್ಲಿ ಎಷ್ಟು ಗಾಂಭೀರ್ಯವಿದೆಯೆಂದು ಒಬ್ಬರು ಕಲಾವಿದರು ನಿಂತು ತೋರಿಸುವವರೆಗೆ ನಮಗೆ ತಿಳಿದಿರಲಿಲ್ಲ.

ಅಗರಬತ್ತಿಯ ಮಸಾಲೆಯಿಂದ ಅವರು ಮಾಡಿದ ‘ಕೊಲ್ಯಾಟರಲ್’, ಕಾಸೆಲ್ ನಗರದಲ್ಲಿ 2007ರಲ್ಲಿ ನಡೆದ ಹನ್ನೆರಡನೆಯ ಡಾಕ್ಯುಮೆಂಟಾ ಕಲಾಮೇಳದಲ್ಲಿ ಕಂಡುಬಂದಿತು. ಬೆಂಗಳೂರು ಮೈಸೂರುಗಳ ಸಹಸ್ರಾರು ಮನೆಗಳಲ್ಲಿ ಹೆಂಗಸರು ಕೂಲಿಗಾಗಿ ಹೊಸೆಯುತ್ತ ಬಂದ ಆ ಕರಿಯ ಹಿಟ್ಟನ್ನೇ ಹೊಸೆದು, ಜಾಲರಿಯ ಮೇಲೆ ಹರಡಿ, ಉರಿಯಲು ಬಿಟ್ಟದ್ದು. ಉರಿದು ಮುಗಿದ ಬಳಿಕ ಬೂದಿಯೇ ಕೃತಿ; ಮುಟ್ಟಿದರೆ ಹೋಯಿತು.

ಇಷ್ಟೆಲ್ಲವನ್ನೂ ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುವುದು, ಅದನ್ನು ಬದಿಗೊತ್ತುವುದು ಪ್ರಾಮಾಣಿಕವಾಗದು. ಬಡವರ ಬದುಕಿನ ಪರಿಕರಗಳನ್ನೆತ್ತಿ ಸಿರಿವಂತ ದೇಶಗಳ ಬಿಳಿಯ ಗೋಡೆಗಳ ಮೇಲೆ ಮೆರೆಸುವುದು ನ್ಯಾಯವೇ? ಕೂಲಿಯವನಿಗೆ ಡ್ರಮ್ಮು ಸೂರು, ಪ್ರೇಕ್ಷಕನಿಗೆ ಅದು ಕಣ್ಣಿನ ಔತಣ. ಈ ವಿನಿಮಯದಲ್ಲಿ ಯಾರು ಯಾರಿಗೆ ಋಣಿ? ನನ್ನ ಉತ್ತರವಿಷ್ಟು: ವಸ್ತುವನ್ನು ಅದರ ದುಡಿಮೆಯಿಂದ ಬಿಡಿಸಿ ಕೇವಲ ಅಲಂಕಾರವಾಗಿಸಿದಾಗ ಅನ್ಯಾಯವಾಗುವುದು. ಶೀಲಾ ಗೌಡರ ಕೃತಿಗಳಲ್ಲಿ ದುಡಿಮೆ ಅಳಿಸಿಹೋಗುವುದಿಲ್ಲ. ಪೋಣಿಸಿದ ಬೆರಳು, ಬಡಿದ ಸುತ್ತಿಗೆ, ಹೆಣೆದ ಕೈ ಇವೆಲ್ಲ ಕೊನೆಯ ರೂಪದಲ್ಲಿಯೂ ಎಣಿಸುವಷ್ಟು ಸ್ಪಷ್ಟವಾಗಿ ಉಳಿಯುತ್ತವೆ. ಇಲ್ಲಿ ಕೊರತೆಯಿದ್ದರೆ ಅದು ಪ್ರದರ್ಶನದ ಸ್ಥಳಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ಖಾಸಗಿ ಗ್ಯಾಲರಿಗಳಲ್ಲಿ ಅವರ ಕೃತಿಗಳು ಕಾಣಿಸಿಕೊಂಡಿವೆ, ನಿಜ. ಆದರೆ ಕಾಲು ಶತಮಾನವನ್ನು ಒಂದೆಡೆ ಕಾಣಿಸುವಂತಹ ದೊಡ್ಡ ಪ್ರದರ್ಶನಗಳಿಗೆ ಮಿಲಾನೋ ಮ್ಯೂನಿಕ್ಕೋ ಜಾಗ ಕೊಡಬೇಕಾಯಿತು. 2019ರಲ್ಲಿ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂದ ಬಳಿಕ, ಮರುವರ್ಷ, ಮ್ಯೂನಿಕ್ಕಿನ ಲೆನ್‌ಬಾಖ್‌ಹೌಸ್ ಅಂತಹುದೇ ಪ್ರದರ್ಶನವನ್ನು ಏರ್ಪಡಿಸಿತು.

ಶೀಲಾ ಗೌಡರಂತೆ ಒಂದೇ ಮಾಧ್ಯಮಕ್ಕೆ ಕಟ್ಟುಬೀಳದಿರುವುದು ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದ ರೂಢಿಯೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಅವರು ಕೆ. ವೆಂಕಟಪ್ಪನವರನ್ನು ಸ್ಮರಿಸಬೇಕು. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಊಟಿ ಕೊಡೈಕೆನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ ಅವರೇ ಮೈಸೂರಿನ ಅರಮನೆಗಾಗಿ ಉಬ್ಬುಶಿಲ್ಪಗಳನ್ನೂ ರಚಿಸಿದರು. ಅವರೇ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದರು. ಅವರ ಹೆಸರಿನ ಕಲಾಮಂದಿರ ಕಸ್ತೂರಬಾ ರಸ್ತೆಯಲ್ಲಿ ಇಂದಿಗೂ ಇದೆ. ಒಂದು ಕಲೆಯಲ್ಲಿ ಸಾಲದುದನ್ನು ಇನ್ನೊಂದರಲ್ಲಿ ಅರಸುವ ಸ್ವಾತಂತ್ರ್ಯ ನಮ್ಮ ಪರಂಪರೆಯಲ್ಲೇ ಇದ್ದುದರಿಂದ ಶೀಲಾ ಗೌಡರನ್ನು ಪರದೇಶದ ಮಾದರಿಯಿಂದ ಅಳೆಯಬೇಕಾಗಿಲ್ಲ.

ನಮ್ಮ ನೆಲದಲ್ಲೇ ಇಂತಹ ಕೃತಿ ಹೇಗೆ ನಿಲ್ಲಬಲ್ಲುದೆಂಬುದಕ್ಕೆ ನೆರೆಯ ನಾಡಿನ ನಿದರ್ಶನವೊಂದಿದೆ. ಕೊಚ್ಚಿ ಮುಜಿರಿಸ್ ಬಿನಾಲೆಯ ಮೊದಲ ಆವೃತ್ತಿ 2012ರ ಡಿಸೆಂಬರಿನಲ್ಲಿ ಆರಂಭವಾದಾಗ, ಶೀಲಾ ಗೌಡರೂ ಕಲಾವಿದ ಕ್ರಿಸ್ಟೋಫ್ ಸ್ಟಾರ್ಜ್ ಅವರೂ ಕೂಡಿ ‘ಸ್ಟಾಪ್‌ಓವರ್’ ಎಂಬ ಕೃತಿಯನ್ನು ರಚಿಸಿದರು. ಮಿಕ್ಸರು ಗ್ರೈಂಡರುಗಳು ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಬೀದಿಗೆ ಬಂದ ನೂರಕ್ಕೂ ಮೀರಿದ ಒರಳುಕಲ್ಲುಗಳನ್ನು ಕೊಚ್ಚಿಯ ಕಡಲ ದಂಡೆಗೆ ಸಾಗಿಸಿ ನಿಲ್ಲಿಸಿದರು. ಮನೆಯಲ್ಲಿಟ್ಟುಕೊಳ್ಳಲು ಜಾಗವಿಲ್ಲ, ಹಬ್ಬದ ದಿನ ಅರಿಸಿನ ಕುಂಕುಮವಿಟ್ಟು ಪೂಜಿಸಿದ ಕಲ್ಲನ್ನು ಒಡೆಯಲು ಮನಸ್ಸು ಬಾರದು, ಆದುದರಿಂದ ಗೇಟಿನ ಹೊರಗೆ, ಮರದ ಬುಡದಲ್ಲಿ, ಚರಂಡಿಯ ಪಕ್ಕದಲ್ಲಿ ಇರಿಸಿ ಬಿಟ್ಟ ಆ ಕಲ್ಲುಗಳನ್ನು ಹೊಸಕೋಟೆಯ ಬೀದಿಗಳಲ್ಲಿಯೂ ಕಾಣಬಹುದು. ಕರ್ನಾಟಕದೊಳಗೇ ಹುಡುಕಿದರೆ, ಮೈಸೂರಿನ ಎನ್. ಎಸ್. ಹರ್ಷ ಅವರು 2005ರಲ್ಲಿ ತುಮಕೂರಿನ ಟಿವಿಎಸ್ ಶಾಲೆಗಾಗಿ ಬಂಡೆಯ ಮೇಲೆಯೇ ಬಟ್ಟೆಯನ್ನಂಟಿಸಿ ದೊಡ್ಡ ದೊಡ್ಡ ನೆರಳುಗಳ ಕೃತಿಯನ್ನು ರಚಿಸಿದ ಉದಾಹರಣೆಯಿದೆ. ಕಲಾಮಂದಿರವೇ ಇರಬೇಕೆಂಬ ನಿಯಮವೇನೂ ಇಲ್ಲ.

ಆದುದರಿಂದ ನನ್ನ ಕೋರಿಕೆ ಸರಳವಾದುದು. ಪಿಲ್ಲಗುಂಪೆಯ ಷೆಡ್ಡುಗಳಿಗೆ ಎತ್ತರವಿದೆ, ಅಗಲವಿದೆ, ಭಾರವನ್ನು ತೂಗುಹಾಕಬಲ್ಲ ಉಕ್ಕಿನ ತೊಲೆಗಳಿವೆ. ಬಿಕೋಕ್ಕಾದ ಷೆಡ್ಡಿನಲ್ಲಿ ಇದ್ದುದು ಹೆಚ್ಚುಕಡಮೆ ಇವೇ. ಒಬ್ಬ ಉದ್ಯಮಿಯು ತೆರವಾದ ಒಂದು ಷೆಡ್ಡನ್ನು ಒಂದು ಋತುವಿನ ಮಟ್ಟಿಗೆ ಬಿಟ್ಟುಕೊಟ್ಟು, ಲಲಿತಕಲಾ ಅಕಾಡೆಮಿಯೋ ಜಿಲ್ಲಾಡಳಿತವೋ ಸಾಗಣೆಯ ಹೊಣೆಯನ್ನು ಹೊತ್ತು, ಡ್ರಮ್ಮುಗಳನ್ನೂ ಕೂದಲ ಹಗ್ಗವನ್ನೂ ಕುಂಕುಮದ ಎಳೆಗಳನ್ನೂ ಇಲ್ಲಿ ನಿಲ್ಲಿಸಿದರೆ, ಪ್ರದರ್ಶನದ ವೇಳೆಯನ್ನು ಕಾರ್ಖಾನೆಯ ಶಿಫ್ಟು ಬಿಡುವ ಹೊತ್ತಿಗೆ ಹೊಂದಿಸಿದರೆ, ಬಾಗಿಲಲ್ಲಿ ಟಿಕೆಟ್ಟಿಲ್ಲದಿದ್ದರೆ, ಬರುವವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಗಾರೆಯವರಿರುತ್ತಾರೆ, ಹೊಲಿಗೆಯ ಹೆಣ್ಣುಮಕ್ಕಳಿರುತ್ತಾರೆ, ಬಿಹಾರ ಒಡಿಶಾಗಳ ಹುಡುಗರಿರುತ್ತಾರೆ, ತಿರುಪತಿಗೆ ಹೊರಟು ಊಟಕ್ಕೆ ಇಳಿದ ಕುಟುಂಬಗಳಿರುತ್ತವೆ. ಅವರು ಕಲೆಯ ಇತಿಹಾಸವನ್ನು ಕೇಳಲಾರರು. ಈ ಹಗ್ಗವನ್ನು ಹೆಣೆಯಲು ಎಷ್ಟು ದಿನ ಹಿಡಿಯಿತು, ಈ ತಗಡನ್ನು ಯಾರು ಬಡಿದರು, ಇಷ್ಟು ಕೂದಲು ಯಾರದು ಎಂದು ಕೇಳುವರು. ಸೂಜಿಯ ಕಣ್ಣಿನಿಂದ ಒಂದೊಂದೇ ದಾರವನ್ನೆಳೆದ ಕಲಾವಿದೆಗೆ ಈ ಮೂರು ಪ್ರಶ್ನೆಗಳೂ ಅನ್ಯವಾದುವಲ್ಲ. ಅವರ ಕೃತಿಗಳು ಕಾಲು ಶತಮಾನದಿಂದ ಕೇಳುತ್ತ ಬಂದಿರುವುದೂ ಇವನ್ನೇ.